ಆನೆಗೊಂದಿಯಲ್ಲಿ ಯಾರ ಮನೆಯಲ್ಲಿ ಉಳಿಯಬೇಕು?

ಗುರುವಾರ

ಹಂಪಿ ನೋಡಿಬಂದವರು ಬೇಕಾದಷ್ಟು ಜನ ಸಿಗುತ್ತಾರೆ. ಹೊಳೆ ದಾಟಿ ಆನೆಗೊಂದಿಯಲ್ಲಿ ರಾತ್ರಿ ಉಳಿದವರು ಕಡಿಮೆ. ಈ ಸಲ ಹಂಪಿ ಕಡೆ ತಲೆ ಹಾಕೋದೇ ಬೇಡ, ಆಚೆ ದಡದಲ್ಲೇ ಇರೋಣ ಅಂತ ಹೊರಟೆವು. ನನ್ನ ಹೆಂಡತಿಗೆ ಬಂಡೆಗಳ ಫೋಟೋ ಬೇಕಿತ್ತು. ನನ್ನ ಕುತೂಹಲ ಬೇರೆ. ಇಪ್ಪತ್ತು ವರ್ಷದ ಹಿಂದೆ ಗ್ರಾಮೀಣ ಪ್ರವಾಸಕ್ಕೆ ಮಾದರಿ ಆಗಲಿ ಅಂತ ಸರ್ಕಾರ ಆರಿಸಿದ ಊರು ಇದು. ಅದರ ಗತಿ ಏನಾಯಿತು ಅಂತ ನೋಡಬೇಕಿತ್ತು.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ಒಗ್ಗರಣೆ ಮಿರ್ಚಿ ತಿಂದು, ಆಟೋ ಹಿಡಿದೆವು. ಕಮಲಾಪುರ ದಾಟಿ ಬುಕ್ಕಸಾಗರದ ಹತ್ತಿರ ಸೇತುವೆ ಹತ್ತಿದರೆ ಆಚೆ ಕಡೆಬಾಗಿಲು. ಹೊಳೆ ದಾಟುವಷ್ಟರಲ್ಲಿ ಜಿಲ್ಲೆ ಬದಲಾಗಿರುತ್ತದೆ. ಈಚೆ ವಿಜಯನಗರ, ಆಚೆ ಕೊಪ್ಪಳ. ವಿಶ್ವ ಪರಂಪರೆಯ ತಾಣ ಒಂದೇ, ಜಿಲ್ಲಾಧಿಕಾರಿಗಳು ಇಬ್ಬರು.

ಇದಕ್ಕೂ ಮೊದಲು ತಳವಾರಘಟ್ಟದ ಹತ್ತಿರ ಇನ್ನೊಂದು ಸೇತುವೆ ಏಳುತ್ತಿತ್ತು. 1986ರಲ್ಲಿ ಹಂಪಿಗೆ ಯುನೆಸ್ಕೋ ಮನ್ನಣೆ ಸಿಕ್ಕಿತ್ತಲ್ಲ, ಮುಖ್ಯವಾಗಿ ಈ ಸೇತುವೆ ಕೆಲಸದ ಕಾರಣಕ್ಕೆ 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿದರು. 2006ರಲ್ಲಿ ಪಟ್ಟಿಯಿಂದ ತೆಗೆದರು. 2009ರ ಜನವರಿಯಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕೆಲಸಗಾರರು ಸತ್ತರು. ಸ್ಮಾರಕ ಉಳಿಯಬೇಕು ಅನ್ನೋದು ಒಂದು ಕಡೆ. ಹೆರಿಗೆ ನೋವು ಬಂದ ಹೆಂಗಸನ್ನು ರಾತ್ರಿ ಹೊಳೆ ದಾಟಿಸಬೇಕು ಅನ್ನೋದು ಇನ್ನೊಂದು ಕಡೆ. ಈ ಜಗ್ಗಾಟದ ಮಧ್ಯೆಯೇ ಈ ಭಾಗದ ಜನ ಬಾಳುತ್ತಿದ್ದಾರೆ.

ನಾವು ಉಳಿದದ್ದು ಊರೊಳಗಿನ ಒಂದು ಮಾಳಿಗೆ ಮನೆಯಲ್ಲಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಮುಂದೆ ಕಟ್ಟೆ, ಒಳಗೆ ಬೆಳಕಿಂಡಿ. ಬಾಡಿಗೆಗೆ ಎರಡೇ ಕೋಣೆ. ಮನೆಯವರು ಹಿಂದಿನ ಭಾಗದಲ್ಲಿ ಇರುತ್ತಾರೆ. ಮನೆಯೊಡತಿಗೆ ಐವತ್ತರ ಆಸುಪಾಸು. ನಾವು ಅವರನ್ನು ಅಕ್ಕ ಅಂದೆವು, ಅವರು ನನ್ನನ್ನು ಸರ ಅಂದರು. ಬ್ಯಾಗ್ ಇಳಿಸುತ್ತಿದ್ದ ಹಾಗೆಯೇ ಮೊದಲ ಪಾಠ ಆಯಿತು.

"ಪ್ಲಾಸ್ಟಿಕ್ ಬಾಟ್ಲಿ ತಂದಿದ್ರ ವಾಪಸ್ ನಿಮ್ಮ ಬ್ಯಾಗ್‌ನ್ಯಾಗ ಒಯ್ರಿ ಸರ. ಇಲ್ಲಿ ಒಗೀಬ್ಯಾಡ್ರಿ. ಇಲ್ಲಿ ಒಗದ್ರ ಹೊಳೀಗೆ ಹೋಗತೈತಿ."

ಗೋಡೆ ಮೇಲೆ ಯಾವ ಸೂಚನಾಫಲಕವೂ ಇಲ್ಲ, ಹಸಿರು ಎಲೆಯ ಚಿತ್ರವೂ ಇಲ್ಲ. ಬಾಯಿಮಾತಲ್ಲೇ ಮುಗಿಯಿತು. ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು. ಊಟದ ಬಗ್ಗೆ ಇಷ್ಟೇ ಹೇಳುತ್ತೇನೆ, ಇಲ್ಲದಿದ್ದರೆ ಬರಹ ಅಲ್ಲೇ ನಿಂತುಬಿಡುತ್ತದೆ.

ಶುಕ್ರವಾರ

ಬೆಳಿಗ್ಗೆ ಬಾಳೆನಾರಿನ ಕೆಲಸ ನೋಡಲು ಹೋದೆವು. ಆನೆಗೊಂದಿ ಸುತ್ತ ಕಾಲುವೆ ನೀರಿದೆ, ಅದರಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳೂ ಇನ್ನೂ ಹರಿಯುತ್ತಿವೆ. ಹಾಗಾಗಿ ಭತ್ತ, ಬಾಳೆ ಎರಡೂ ಜೋರು. ಗೊನೆ ಕಡಿದ ಮೇಲೆ ದಿಂಡು ಮೊದಲೆಲ್ಲ ಗದ್ದೆಯಲ್ಲೇ ಕೊಳೆಯುತ್ತಿತ್ತು. 1997ರಲ್ಲಿ ಶುರುವಾದ ಕಿಷ್ಕಿಂಧಾ ಟ್ರಸ್ಟ್ ಊರಿನ ಹೆಂಗಸರಿಗೆ ಅದರ ನಾರಿನಿಂದ ಬುಟ್ಟಿ, ಚೀಲ, ಚಾಪೆ ಮಾಡುವುದನ್ನು ಕಲಿಸಿತು. ಈಗ ಇದು ಊರಿನ ಗುರುತೇ ಆಗಿದೆ.

ಕೆಲಸ ಹೀಗೆ: ದಿಂಡಿನ ಪದರ ಬಿಡಿಸಿ ಬಿಸಿಲಿಗೆ ಹಾಕುತ್ತಾರೆ. ಒಣಗಿದ ಪಟ್ಟೆಯನ್ನು ಸೀಳಿ, ಸ್ವಲ್ಪ ನೀರು ಚಿಮುಕಿಸಿ, ಎರಡು ಎಳೆ ಸೇರಿಸಿ ಹುರಿ ಹೊಸೆಯುತ್ತಾರೆ. ಕೆಲವರು ಮನೆಯಲ್ಲೇ ಕೂತು ಹುರಿ ಹೊಸೆದು ತಂದುಕೊಡುತ್ತಾರೆ, ಅಳತೆ ಲೆಕ್ಕದಲ್ಲಿ ದುಡ್ಡು. ನಾವು ಹೋದಾಗ ಒಬ್ಬಾಕೆ ಹುರಿಯ ಸುರುಳಿ ತಂದಿದ್ದಳು. ತೆಗೆದುಕೊಳ್ಳುವ ಹೆಂಗಸು ಸುರುಳಿ ಬಿಚ್ಚಿ, ಹೆಬ್ಬೆರಳು ತೋರುಬೆರಳ ಮಧ್ಯೆ ಹುರಿಯನ್ನು ಹರಿಸುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಹೊಸೆತ ಸಡಿಲ. ಅಷ್ಟುದ್ದ ಬಿಚ್ಚಿ ವಾಪಸ್ ಕೊಟ್ಟಳು. ಇನ್ನೊಂದು ಕಡೆ ಮೂಸಿ ನೋಡಿದಳು. ಸರಿಯಾಗಿ ಒಣಗದ ನಾರು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಬೆಂಗಳೂರಿನ ಅಂಗಡಿಯಿಂದ ಇಡೀ ಬುಟ್ಟಿ ವಾಪಸ್ ಬರುತ್ತದೆ. ತಂದವಳು ಮುಖ ಸಣ್ಣ ಮಾಡಿಕೊಂಡಳು, ಜಗಳ ಆಡಲಿಲ್ಲ. ಏನು ತಪ್ಪಾಗಿದೆ ಅನ್ನೋದು ಅವಳಿಗೂ ಕಾಣುತ್ತಿತ್ತು ಅಲ್ವಾ?

ಗುಣಮಟ್ಟ ಅಂತ ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡುತ್ತಾರೆ. ಇಲ್ಲಿ ಅದಕ್ಕೆ ಎರಡು ಬೆರಳು, ಒಂದು ಮೂಗು ಸಾಕಾಗಿತ್ತು. ಇದು ನಡೆಯೋದಕ್ಕೆ ಕಾರಣ, ನಾಳೆಯೂ ನಾಡಿದ್ದೂ ಇಲ್ಲೇ ಹುರಿ ಕೊಡಬೇಕು ಅನ್ನೋದು ಇಬ್ಬರಿಗೂ ಗೊತ್ತಿದೆ.

2000ದ ದಶಕದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ವಿಭಾಗ ಯುಎನ್‌ಡಿಪಿ ಸೇರಿ ದೇಶದ 36 ಹಳ್ಳಿಗಳಲ್ಲಿ ಗ್ರಾಮೀಣ ಪ್ರವಾಸದ ಯೋಜನೆ ನಡೆಸಿದವು. ಕರ್ನಾಟಕದಿಂದ ಆನೆಗೊಂದಿ ಮತ್ತು ಬನವಾಸಿ ಇದ್ದವು. ಒಂದು ಹಳ್ಳಿಗೆ 50 ಲಕ್ಷದವರೆಗೆ ‘ಹಾರ್ಡ್‌ವೇರ್’ ದುಡ್ಡು, 20 ಲಕ್ಷದವರೆಗೆ ‘ಸಾಫ್ಟ್‌ವೇರ್’ ದುಡ್ಡು. ಹಾರ್ಡ್‌ವೇರ್ ಅಂದರೆ ರಸ್ತೆ, ಕಟ್ಟಡ, ದೀಪ. ಸಾಫ್ಟ್‌ವೇರ್ ಅಂದರೆ ಮನುಷ್ಯರು, ಅವರ ತರಬೇತಿ. ನನ್ನನ್ನು ಕೇಳಿದರೆ ಈ ಅಂಕಿಗಳನ್ನು ಅದಲುಬದಲು ಮಾಡಬೇಕಿತ್ತು. ಬಣ್ಣ ಎರಡು ಮಳೆಗಾಲಕ್ಕೆ ಹೋಗುತ್ತದೆ. ಬೆರಳಿಗೆ ಬಂದ ವಿದ್ಯೆ ಮಗಳಿಗೂ ದಾಟುತ್ತದೆ.

ಮಧ್ಯಾಹ್ನ ಬಾಡಿಗೆ ಸ್ಕೂಟರ್ ತಗೊಂಡು ವಿರೂಪಾಪುರ ಗಡ್ಡೆ ಕಡೆ ಹೋದೆವು. ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಡ ಇದು. ವಿದೇಶಿಯರು ಹಿಪ್ಪಿ ಐಲ್ಯಾಂಡ್ ಅನ್ನುತ್ತಿದ್ದ ಜಾಗ. ಭತ್ತದ ಗದ್ದೆ ಅಂಚಿನಲ್ಲಿ ಗುಡಿಸಲು ರೆಸಾರ್ಟ್‌ಗಳು ತುಂಬಿಹೋಗಿದ್ದವು. ಅಕ್ರಮ ಕಟ್ಟಡ ಅಂತ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹೊರಡಿಸಿದ ಆದೇಶವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಅದಕ್ಕೂ ಮೊದಲು, 2011ರ ಜುಲೈನಲ್ಲಿ, ಹೊಳೆಯ ಆಚೆ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನೂ ಹೀಗೇ ತೆಗೆದಿದ್ದರು.

ಒಡೆದದ್ದು ತಪ್ಪು ಅಂತ ನಾನು ಹೇಳಲ್ಲ. ಹೊಳೆ ಅಂಚಿನಲ್ಲಿ ಅಷ್ಟೊಂದು ಕೋಣೆಗಳ ಕೊಳಚೆ ಎಲ್ಲಿಗೆ ಹೋಗುತ್ತಿತ್ತು ಅಂತ ಯೋಚನೆ ಮಾಡಿದರೆ ಸಾಕು. ಆದರೆ ಒಡೆದ ಮೇಲೆ ವ್ಯಾಪಾರ ನಿಲ್ಲಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ. ಸಣಾಪುರ, ಹನುಮನಹಳ್ಳಿ, ಆನೆಗೊಂದಿ ರಸ್ತೆ ಉದ್ದಕ್ಕೂ ಈಗ ತಗಡು, ಬಿದಿರು, ತಾಡಪಾಲಿನ ಕಾಟೇಜ್‌ಗಳು. ಸಂಜೆ ಒಂದು ಕೆಫೆಯಲ್ಲಿ ಚಹಾ ಕುಡಿಯಲು ನಿಂತೆವು. ಮೆನುವಿನಲ್ಲಿ ಹಮ್ಮಸ್, ಪ್ಯಾನ್‌ಕೇಕ್, ಪಾಸ್ತಾ. ರೊಟ್ಟಿ ಇಲ್ಲ. ಗಂಗಾವತಿ ಸೀಮೆಯಲ್ಲಿ ಕೂತು ಒಳ್ಳೆ ಸೋನಾ ಮಸೂರಿ ಅನ್ನ ಸಿಗಲಿಲ್ಲ ಅಂದರೆ ಏನು ಹೇಳೋದು! ಹಿಂದೆ ಕೈ ತೊಳೆಯಲು ಹೋದೆ. ಶೌಚದ ಪೈಪು ಒಂದು ತೆರೆದ ಗುಂಡಿಗೆ ಬಿಟ್ಟಿದ್ದರು, ಗುಂಡಿಯಿಂದ ಒಂದು ತೋಡು ಪಕ್ಕದ ಗದ್ದೆಗೆ. ಗದ್ದೆಯಲ್ಲಿ ಹೆಂಗಸರು ಬಗ್ಗಿಕೊಂಡು ನಾಟಿ ಮಾಡುತ್ತಿದ್ದರು.

ಅಲ್ಲಿ ಕೆಲಸಕ್ಕಿದ್ದ ಹುಡುಗನನ್ನು ಕೇಳಿದೆ, ಸಿಮೆಂಟ್ ರಿಂಗ್ ಇಳಿಸಿ ಸರಿಯಾಗಿ ಗುಂಡಿ ಕಟ್ಟಿಸಬಾರದಾ ಅಂತ.

"ನಾಳಿ ಒಡೀತಾರ ಅಂತ ಗೊತ್ತಿದ್ದಾಗ ಯಾರ್ರೀ ರೊಕ್ಕ ಹಾಕ್ತಾರ?"

ಈ ಮಾತು ರಾತ್ರಿಯೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಪ್ರಾಧಿಕಾರದ ಕಾಯ್ದೆ 2002ರದು. ಅದರ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್, 29 ಹಳ್ಳಿಗಳು. ಅನುಮತಿ ಇಲ್ಲದೆ ಹೊಸದಾಗಿ ಕಟ್ಟುವ ಹಾಗಿಲ್ಲ. ನಿಯಮದ ಉದ್ದೇಶ ಸರಿಯಾಗಿಯೇ ಇದೆ. ಆದರೆ ಬರುವ ಪ್ರವಾಸಿಗರಿಗೆ ಮಲಗಲು ಜಾಗ ಬೇಕೇ ಬೇಕು. ಕಾನೂನಿನ ದಾರಿ ಸಣ್ಣದಾದಾಗ ಅಡ್ಡದಾರಿ ಹೆದ್ದಾರಿ ಆಗುತ್ತದೆ. ಅಡ್ಡದಾರಿಯಲ್ಲಿ ಬಂದವನಿಗೆ ಇವತ್ತಿನ ಸೀಸನ್ ಮುಖ್ಯ, ಗುಂಡಿ ಗಟಾರ ಅಲ್ಲ. ನೆಟ್ಟಗೆ ಮಾಡಬೇಕು ಅಂತ ಮನಸ್ಸಿರುವವನಿಗೂ ನಾಳೆಯ ಖಾತ್ರಿ ಇಲ್ಲ. ಹುರಿ ಹೊಸೆಯುವವಳಿಗೆ ಇದ್ದದ್ದು ಆ ಖಾತ್ರಿ ಒಂದೇ.

ಶನಿವಾರ

ಶನಿವಾರ ಅಂಜನಾದ್ರಿಗೆ ಹೋಗಬೇಡಿ ಅಂತ ಅಕ್ಕ ಹೇಳಿದ್ದರು. ನಾವು ಬೇಕಂತಲೇ ಹೋದೆವು. ಹನುಮಂತ ಹುಟ್ಟಿದ ಬೆಟ್ಟ ಇದು ಅಂತ ಇಲ್ಲಿನ ನಂಬಿಕೆ. 2021ರಲ್ಲಿ ತಿರುಮಲದವರು ಹನುಮ ಹುಟ್ಟಿದ್ದು ನಮ್ಮಲ್ಲಿ ಅಂದಾಗ ಈ ಭಾಗದಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. 575 ಮೆಟ್ಟಿಲು, ಅಂಕುಡೊಂಕಾದ ಬಿಳಿ ದಾರಿ. ಮೇಲಿಂದ ಕಾಣೋದು ಹೊಳೆ, ತೆಂಗು, ಹಸಿರು ಗದ್ದೆ, ಗುಡ್ಡೆ ಹಾಕಿದ ಬಂಡೆ. ಹೊಗಳೋಕೆ ಶಬ್ದ ಹುಡುಕೋದು ಬೇಡ.

ಕೆಳಗೆ ನೋಡಿದರೆ ಬೇರೆಯದೇ ಚಿತ್ರ. ಟೆಂಪೋ ಟ್ರಾವೆಲರ್, ಕ್ರೂಸರ್, ಕಾರು, ಬೈಕ್ ರಸ್ತೆಯ ಎರಡೂ ಬದಿ ನಿಂತು ಗದ್ದೆ ಬದುವಿನವರೆಗೂ ಹೋಗಿದ್ದವು. ಒಂದು ಎತ್ತಿನ ಗಾಡಿ ಮಧ್ಯೆ ಸಿಕ್ಕಿಕೊಂಡು ಹಿಂದೂ ಹೋಗಲಾರದೆ ಮುಂದೂ ಹೋಗಲಾರದೆ ನಿಂತಿತ್ತು. ಕೋತಿಗಳು ಕುರುಕುರೆ ಪ್ಯಾಕೆಟ್ ಹರಿಯುವುದರಲ್ಲಿ ಪಳಗಿಬಿಟ್ಟಿವೆ. ಮೆಟ್ಟಿಲ ಪಕ್ಕದ ಬಂಡೆ ಸಂದುಗಳಲ್ಲಿ ನೀರಿನ ಬಾಟಲಿ. ಅವನ್ನು ಹೆಕ್ಕಬೇಕಾದರೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಡಿಸೆಂಬರ್‌ನಲ್ಲಿ ಹನುಮಮಾಲೆ ಬಿಡುವ ಹೊತ್ತಿಗೆ ಇದರ ಎಷ್ಟೋ ಪಟ್ಟು ಜನ ಸೇರುತ್ತಾರೆ.

ಒಂದು ತೆಂಗಿನಕಾಯಿ ಅಂಗಡಿ ಮುಂದೆ ಕೂತು ಲೆಕ್ಕ ಹಾಕಿದೆ. ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುವ ಒಂದು ಟೆಂಪೋದವರು ಊರಲ್ಲಿ ಖರ್ಚು ಮಾಡೋದು ಕಾಯಿ, ಹೂ, ಒಂದೆರಡು ಸೋಡಾ. ಊಟ ಬುತ್ತಿಯಲ್ಲಿ ತಂದಿರುತ್ತಾರೆ, ಇಲ್ಲವೇ ಗಂಗಾವತಿಯಲ್ಲಿ ಮಾಡುತ್ತಾರೆ. ಬಿಟ್ಟುಹೋಗೋದು ಧೂಳು ಮತ್ತು ಪ್ಲಾಸ್ಟಿಕ್. ಅದನ್ನು ಗುಡಿಸೋದು ಪಂಚಾಯಿತಿ. ಪಂಚಾಯಿತಿಯ ಮನೆಗಂದಾಯ ಊರಿನ ಮನೆಗಳಿಂದ ಬರುತ್ತದೆ, ಯಾತ್ರಿಕರಿಂದಲ್ಲ. ಬಂದವರ ಸಂಖ್ಯೆ ಹೇಳಿ ಹೆಮ್ಮೆಪಡುವ ಪ್ರವಾಸೋದ್ಯಮದಲ್ಲಿ ಈ ಲೆಕ್ಕ ಯಾರೂ ಕೇಳೋದಿಲ್ಲ. 2022ರ ಬಜೆಟ್‌ನಲ್ಲಿ ಅಂಜನಾದ್ರಿಗೆ 100 ಕೋಟಿ ರೂಪಾಯಿ ಘೋಷಿಸಿದರು. ರೋಪ್‌ವೇ ಮಾತೂ ಇದೆ. ಮೇಲೆ ಹತ್ತಿಸೋದು ಸುಲಭ ಆದರೆ ಕೆಳಗೆ ಸೇರುವ ಗಾಡಿ ಜಾಸ್ತಿಯಾಗದೆ ಇರುತ್ತಾ?

ಬಂಡೆ ಹತ್ತುವ ಹುಡುಗ ಹುಡುಗಿಯರು ಇನ್ನೊಂದು ಜಾತಿ. ಬೆನ್ನ ಮೇಲೆ ಹಾಸಿಗೆಯಂಥ ಕ್ರ್ಯಾಶ್ ಪ್ಯಾಡ್ ಹೊತ್ತು ಬೆಳಿಗ್ಗೆ ಬೆಳಿಗ್ಗೆಯೇ ಹೊರಡುತ್ತಾರೆ. ವಾರಗಟ್ಟಲೆ ಇರುತ್ತಾರೆ, ಊರಿನ ಕಿರಾಣಿಯಲ್ಲಿ ಬಾಳೆಹಣ್ಣು ಮೊಟ್ಟೆ ಕೊಳ್ಳುತ್ತಾರೆ. ಅವರೂ ಸಾಚಾ ಅಂತೇನಿಲ್ಲ. ಬಂಡೆಗಳ ಮೇಲೆ, ಕೈ ಜಾರದಿರಲಿ ಅಂತ ಹಚ್ಚಿಕೊಳ್ಳುವ ಸೀಮೆಸುಣ್ಣದ ಬಿಳಿ ಬೆರಳಚ್ಚು ಎಲ್ಲೆಲ್ಲೂ ಕಾಣುತ್ತದೆ. ಈ ಸುತ್ತಿನ ಕೆಲವು ಬಂಡೆಗಳ ಮೇಲೆ ಆದಿಮಾನವರ ಚಿತ್ರಗಳಿವೆ. ಯಾವ ಬಂಡೆ ಹತ್ತಬಹುದು, ಯಾವುದು ಬಾರದು ಅಂತ ಹೇಳುವ ಒಂದು ನಕ್ಷೆ ಊರಲ್ಲಿ ನನಗೆ ಎಲ್ಲೂ ಕಾಣಲಿಲ್ಲ.

ಸಂಜೆ ಸಣಾಪುರ ಕೆರೆಗೆ ಹೋದೆವು. ಹರಿಗೋಲಿನವನು ಕೆರೆ ಮಧ್ಯೆ ಗಿರಗಿರ ತಿರುಗಿಸಿ ಮಕ್ಕಳನ್ನು ಕಿರುಚಿಸುತ್ತಿದ್ದ. ಬಿದಿರಿನ ಬುಟ್ಟಿಗೆ ಮೊದಲು ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಲೈಫ್ ಜಾಕೆಟ್ ಕೇಳಿದೆ. ತಳದಲ್ಲಿ ಮಡಚಿಟ್ಟಿದ್ದನ್ನು ತೆಗೆದು ಕೊಟ್ಟ. ಕೂರಲು ಮೆತ್ತಗಿರಲಿ ಅಂತ ಹಾಸಿದ್ದನಂತೆ. ಎರಡು ಬಕಲ್‌ನಲ್ಲಿ ಒಂದು ಮುರಿದಿತ್ತು. 2025ರ ಫೆಬ್ರವರಿಯಲ್ಲಿ ಸಣಾಪುರದ ಹತ್ತಿರ ಬಂಡೆ ಮೇಲಿಂದ ತುಂಗಭದ್ರೆಗೆ ಜಿಗಿದ ಪ್ರವಾಸಿಯೊಬ್ಬರು ಕೊಚ್ಚಿಹೋಗಿದ್ದರು. ಅದರ ಮುಂದಿನ ತಿಂಗಳೇ ಇಲ್ಲಿನ ಕಾಲುವೆ ದಡದಲ್ಲಿ ರಾತ್ರಿ ಕೂತಿದ್ದವರ ಮೇಲೆ ದಾಳಿ ಆಯಿತು. ಒಬ್ಬ ವಿದೇಶಿ ಮಹಿಳೆ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಿದ ಒಬ್ಬ ಪ್ರವಾಸಿ ಸತ್ತ. ಆಮೇಲೆ ಹೋಂಸ್ಟೇಗಳ ತಪಾಸಣೆ ಜೋರಾಯಿತು.

ಅಕ್ಕನಿಗೆ ಆ ಸುದ್ದಿ ಎತ್ತಿದರೆ ಮುಖ ಗಂಟಾಗುತ್ತದೆ. "ಅವಾಗಿಂದ ಒಂಟಿ ಹೆಣ್ಣಮಕ್ಕಳು ಬಂದ್ರ ಸಂಜೀ ಆದ ಕೂಡ್ಲೆ ಫೋನ್ ಮಾಡತೀನಿ, ಎಲ್ಲಿದೀಯವ್ವಾ ಅಂತ. ಕೆಲವ್ರಿಗೆ ಸಿಟ್ಟು ಬರತೈತಿ. ಬರ್ಲಿ" ಅಂದರು. ಸಂಜೆಯ ಈ ಫೋನ್‌ಗೆ ಅಂಕ ಕೊಡುವ ಕಾಲಂ ಯಾವ ತಪಾಸಣೆ ಪಟ್ಟಿಯಲ್ಲೂ ಇರಲಾರದು. ಕೇಂದ್ರ ಸರ್ಕಾರದ ಹೋಂಸ್ಟೇ ಯೋಜನೆಯಲ್ಲಿ ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ, ಮಾಲೀಕರ ಕುಟುಂಬ ಅಲ್ಲೇ ಇರಬೇಕು ಅಂತಿದೆ. ಗೋಲ್ಡ್, ಸಿಲ್ವರ್ ಅಂತ ದರ್ಜೆ ಕೊಡುತ್ತಾರೆ. ಈ ಷರತ್ತುಗಳಲ್ಲಿ ಚಿನ್ನದಂಥದ್ದು ಕೊನೆಯದು. ಮನೆಯವರು ಮನೆಯಲ್ಲೇ ಇದ್ದರೆ ಅರ್ಧ ಸಮಸ್ಯೆ ಹುಟ್ಟೋದೇ ಇಲ್ಲ. ಅದೇ ಹೊಳೆ ನೀರು, ಅದೇ ಗದ್ದೆ, ಅದೇ ದಾರಿ ಅವರಿಗೂ ಬೇಕಲ್ಲ. ಬೆಂಗಳೂರು ಹೈದರಾಬಾದಿನಲ್ಲಿ ಕೂತು ಮ್ಯಾನೇಜರ್ ಇಟ್ಟು ನಡೆಸುವ ಜಾಗಕ್ಕೂ ಹೋಂಸ್ಟೇ ಅಂತಲೇ ಬೋರ್ಡು ಬೀಳುತ್ತದೆ. ಬುಕಿಂಗ್ ಆ್ಯಪ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ನೀವು ಹೋಗೋದಾದರೆ ಫೋನ್‌ನಲ್ಲೇ ಕೇಳಿಬಿಡಿ: ರಾತ್ರಿ ನೀವೂ ಅಲ್ಲೇ ಇರ್ತೀರಾ? ಉತ್ತರ ತಡವರಿಸಿದರೆ ಮುಂದಿನ ನಂಬರ್‌ಗೆ ಮಾಡಿ. ಶೌಚದ ಗುಂಡಿ ಎಲ್ಲಿದೆ ಅಂತಲೂ ಕೇಳಿ. ನಗಬಹುದು, ನಗಲಿ.

ಭಾನುವಾರ

ಬೆಳಿಗ್ಗೆ ಬೇಗ ಹಿರೇಬೆಣಕಲ್‌ಗೆ ಹೋಗಿಬಂದೆವು. ಗಂಗಾವತಿ ದಾಟಿ ಕೊಪ್ಪಳದ ದಾರಿಯಲ್ಲಿ ಸಿಗುತ್ತದೆ. ಬೆಟ್ಟದ ಮೇಲೆ ಕಲ್ಲುಚಪ್ಪಡಿಯ ಮನೆಗಳಂಥ ಬೃಹತ್ ಶಿಲಾಯುಗದ ಸಮಾಧಿಗಳು, ನಾನೂರಕ್ಕೂ ಜಾಸ್ತಿ. ಎರಡು ಸಾವಿರ ವರ್ಷಕ್ಕಿಂತ ಹಳೆಯವು. ಊರಿನವರಿಗೆ ಇದು ಮೋರೇರ ಗುಡ್ಡ. ಹೊಡೆದರೆ ನಗಾರಿಯಂತೆ ಸದ್ದು ಮಾಡುವ ದೊಡ್ಡ ಗುಂಡೂ ಇದೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಇದು ಸೇರಿತು. ನಾವು ಹೋದಾಗ ನಾವಿಬ್ಬರೇ. ಕುರಿ ಕಾಯುವ ಹುಡುಗನೊಬ್ಬ ದಾರಿ ತೋರಿಸಿದ. ಪಕ್ಕಾ ಪಟ್ಟಿಗೆ ಹೋದರೆ ಇಲ್ಲಿಗೂ ಗಾಡಿಗಳು ಬರುತ್ತವೆ. ಕಾರು ಎಲ್ಲಿ ನಿಲ್ಲಬೇಕು, ದಿನಕ್ಕೆ ಎಷ್ಟು ಜನ ಹತ್ತಬೇಕು, ದಾರಿ ತೋರಿಸುವ ಕೆಲಸ ಯಾರದು ಅಂತ ಈಗಲೇ ಗ್ರಾಮಸಭೆಯಲ್ಲಿ ಕೂತು ತೀರ್ಮಾನ ಮಾಡಿದರೆ ಆನೆಗೊಂದಿ ಪಟ್ಟ ಪಾಡು ತಪ್ಪೀತು. ಜನ ಬರೋದಕ್ಕೆ ಮೊದಲು ನಿಯಮ ಬಂದರೆ ಯಾರ ಮನೆಯನ್ನೂ ಒಡೆಯುವ ಪ್ರಸಂಗ ಬರಲ್ಲ.

ವಾಪಸ್ ಬಂದು ಸ್ನಾನ ಮಾಡಿ ಹೊರಡುವ ತಯಾರಿ. ಅಕ್ಕ ರಿಜಿಸ್ಟರ್ ತಂದರು. ಹೆಸರು, ಆಧಾರ್, ಬಂದ ದಿನ, ಹೋದ ದಿನ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರದ ಸರ್ಕಾರಿ ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು, ಅದು ಮಗನ ಕೆಲಸ. ಅದರ ಜೊತೆಗೆ ಒಂದು ಇನ್ನೂರು ಪುಟದ ಶಾಲಾ ನೋಟ್‌ಬುಕ್. ಬಂದವರು ಅಭಿಪ್ರಾಯ ಬರೆಯಲು. ಹಿಂದಿನ ಪುಟಗಳಲ್ಲಿ ಇಂಗ್ಲಿಷ್, ಹಿಂದಿ, ಫ್ರೆಂಚ್ ಹೊಗಳಿಕೆ, ಹೃದಯದ ಚಿತ್ರ.

"ಚೆಂದ ಐತಿ ಅಂತ ಬರೀಬ್ಯಾಡ್ರಿ ಸರ. ಅದು ಭಾಳ ಐತಿ. ಏನ್ ಸರಿ ಇಲ್ಲ ಅದನ್ನ ಬರೀರಿ."

ಬಚ್ಚಲ ಮನೆಗೆ ಇಳಿಯುವ ಮೆಟ್ಟಿಲ ಮೇಲಿನ ಬಲ್ಬ್ ಮಂಕಾಗಿದೆ, ರಾತ್ರಿ ಕಾಲು ಜಾರೀತು ಅಂತ ಬರೆದೆ. ಹಂಡೆ ನೀರು ಕಾಯಿಸಲು ಸೌದೆ ತುಂಬ ಸುಡುತ್ತಿದ್ದೀರಿ, ಸೋಲಾರ್ ಹಾಕಿಸಬಹುದು ಅಂತಲೂ ಬರೆದೆ. ಅಕ್ಕ ಓದಿದರು. ಮಗನನ್ನು ಕೂಗಿ ಬಲ್ಬ್ ತರಲು ಅಂಗಡಿಗೆ ಓಡಿಸಿದರು.

"ಸೋಲಾರ್‌ಗೆ ಅರ್ಜಿ ಬರ್ಕೊಡ್ರಿ. ಮಾಳಿಗಿ ಮ್ಯಾಲೆ ಏನರ ಇಡಬೇಕಂದ್ರ ಮೊದ್ಲು ಕೇಳಬೇಕಂತ. ಯಾರನ್ನ ಕೇಳಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರ."

ಹನ್ನೆರಡರ ಬಸ್ ಬಿಟ್ಟು ಎರಡರ ಬಸ್‌ಗೆ ಹೊರಟೆವು. ಅರ್ಜಿ ಮೂರು ಪ್ರತಿ ಬೇಕಾಯಿತು.